ಸಮುದ್ರದೊಳಗಿನ ಎತ್ತರದ ಬೆಟ್ಟಗಳು: ಅಳೆಯೋದು ಎಲ್ಲಿಂದ?

ಜಗತ್ತಿನ ಅತಿ ಎತ್ತರದ ಪರ್ವತ ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ಎವರೆಸ್ಟ್ ಅಂತ ಬರೆದು ಮುಂದೆ ಹೋಗುತ್ತೇವೆ. ಸಮುದ್ರ ಮಟ್ಟದಿಂದ 8,849 ಮೀಟರ್. ಆದರೆ ಪ್ರಶ್ನೆಯಲ್ಲಿ ‘ಬುಡದಿಂದ ತುದಿಯವರೆಗೆ’ ಅಂತ ಇದ್ದರೆ ಉತ್ತರ ಹವಾಯಿಯ ಮೌನಾ ಕಿಯಾ. ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ. ಇನ್ನೂ ಸುಮಾರು 6,000 ಮೀಟರ್ ಪೆಸಿಫಿಕ್ ಸಾಗರದೊಳಗೆ ಮುಳುಗಿದೆ. ಒಟ್ಟು 10,200 ಮೀಟರ್ ಆಸುಪಾಸು.

ಕೆಲವರು ಮೌನಾ ಕಿಯಾವನ್ನು ಸೀಮೌಂಟ್ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದು ಸರಿಯಲ್ಲ. ಸೀಮೌಂಟ್ ಅನ್ನಬೇಕಾದರೆ ತುದಿಯೂ ನೀರಿನೊಳಗೇ ಇರಬೇಕು, ತಳದಿಂದ ಕನಿಷ್ಠ 1,000 ಮೀಟರ್ ಎದ್ದಿರಬೇಕು. ಮೌನಾ ಕಿಯಾದ ತಲೆ ಹೊರಗಿದೆ. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಪಿಕೊ ಪರ್ವತ ಕೂಡ ಹಾಗೇ. ಪೂರ್ತಿ ಮುಳುಗಿದ್ದಕ್ಕೆ ಉದಾಹರಣೆ ಬೇಕಾದರೆ ಅಟ್ಲಾಂಟಿಕ್‌ನ ಗ್ರೇಟ್ ಮೀಟಿಯರ್ ಬರೆಯಿರಿ. ತಳದಿಂದ 4,000 ಮೀಟರಿಗೂ ಜಾಸ್ತಿ ಎದ್ದಿದೆ, ಆದರೂ ತುದಿಯ ಮೇಲೆ ಸುಮಾರು 270 ಮೀಟರ್ ನೀರು ನಿಂತಿದೆ.

‘ಬುಡ’ ಅಂದರೆ ಯಾವುದು? ಇಲ್ಲಿ ಸ್ವಲ್ಪ ನಿಂತು ಓದಬೇಕು. ಮೌನಾ ಕಿಯಾದ ಪಕ್ಕದಲ್ಲೇ ಮೌನಾ ಲೋವಾ ಇದೆ. ಎತ್ತರ 4,169 ಮೀಟರ್, ಅಂದರೆ ತುಸು ಗಿಡ್ಡ. ಆದರೆ ಗಾತ್ರದಲ್ಲಿ ಭಾರೀ. ಹತ್ತಿ ಹಾಸಿಗೆಯ ಮೇಲೆ ಗುಂಡುಕಲ್ಲು ಇಟ್ಟರೆ ತಗ್ಗು ಬೀಳುತ್ತದಲ್ವಾ, ಹಾಗೆ ಅದರ ಭಾರಕ್ಕೆ ಸಮುದ್ರತಳವೇ ಸುಮಾರು 8 ಕಿ.ಮೀ. ಕುಸಿದಿದೆ. ಆ ತಗ್ಗಿನ ಅಡಿಯಿಂದ, ನೀರಿನೊಳಗಿನ ಭಾಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೌನಾ ಲೋವಾ 17 ಕಿ.ಮೀ. ಆಗುತ್ತದೆ! ನನಗೆ ಕೇಳಿದರೆ ಭೂವಿಜ್ಞಾನದ ದೃಷ್ಟಿಯಿಂದ ಇದೇ ಹೆಚ್ಚು ಅರ್ಥವಿರುವ ಲೆಕ್ಕ. ಪರೀಕ್ಷೆಯಲ್ಲಿ ಮಾತ್ರ ಮೌನಾ ಕಿಯಾ ಅಂತಲೇ ಬರೆಯಿರಿ.

ಈ ಸಾಗರದ ಬೆಟ್ಟಗಳೆಲ್ಲ ಹುಟ್ಟಿದ್ದು ಹಾಟ್‌ಸ್ಪಾಟ್‌ನಿಂದ. ಭೂಮಿಯ ಒಳಗಿನ ಬಿಸಿ ಜಾಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಮೇಲಿನ ಪೆಸಿಫಿಕ್ ಪ್ಲೇಟು (ಭೂಮಿಯ ಹೊರಪದರದ ದೊಡ್ಡ ಬಂಡೆಯ ಚಪ್ಪಡಿ) ವರ್ಷಕ್ಕೆ 7ರಿಂದ 10 ಸೆಂ.ಮೀ. ವಾಯವ್ಯಕ್ಕೆ ಸರಿಯುತ್ತದೆ. ಹಾಗಾಗಿ ಜ್ವಾಲಾಮುಖಿಗಳು ಸಾಲಾಗಿ ನಿಲ್ಲುತ್ತವೆ. ಹವಾಯಿ–ಎಂಪರರ್ ಸಾಲು ಸುಮಾರು 6,000 ಕಿ.ಮೀ. ಉದ್ದ. ಅದರ ನಡುವೆ ಒಂದು ದೊಡ್ಡ ತಿರುವು ಇದೆ, ವಯಸ್ಸು ಸುಮಾರು 4.7 ಕೋಟಿ ವರ್ಷ. ಸಾಲಿನ ಹೊಸ ಮರಿ ಕಾಮಾಎಹುವಾಕನಲೋವಾ, ಹಳೆಯ ಹೆಸರು ಲೋಇಹಿ. ತುದಿ ಇನ್ನೂ ಸುಮಾರು 975 ಮೀಟರ್ ಆಳದಲ್ಲಿದೆ.

ಹಳೆಯವು ಏನಾಗುತ್ತವೆ? ಬಿಸಿ ಜಾಗದಿಂದ ದೂರ ಹೋದಂತೆ ಪ್ಲೇಟು ತಣ್ಣಗಾಗಿ ತಗ್ಗುತ್ತದೆ, ಬೆಟ್ಟವೂ ಅದರ ಜೊತೆ ಮುಳುಗುತ್ತದೆ. ಮುಳುಗುವ ಮೊದಲು ಅಲೆಗಳು ತಲೆಯನ್ನು ಸವೆಸಿ ಚಪ್ಪಟೆ ಮಾಡಿರುತ್ತವೆ. ಇಂಥವನ್ನು ಗಯೋಟ್ ಅನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಭೂವಿಜ್ಞಾನಿ ಹ್ಯಾರಿ ಹೆಸ್, ಹಡಗಿನ ಎಕೋ ಸೌಂಡರ್ (ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಸಾಧನ) ದಾಖಲೆಗಳಲ್ಲಿ ಇವನ್ನು ಗುರುತಿಸಿ 1946ರಲ್ಲಿ ಬರೆದರು.

ನಮ್ಮ ಕಡೆಗೂ ಇದರ ನಂಟಿದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯ ಕೆಳಗಿನ ಕಪ್ಪು ಬಸಾಲ್ಟ್ ಬಂಡೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅದನ್ನು ಉಕ್ಕಿಸಿದ್ದು ಹಿಂದೂ ಮಹಾಸಾಗರದ ರಿಯೂನಿಯನ್ ಹಾಟ್‌ಸ್ಪಾಟ್ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಭಾರತ ಉತ್ತರಕ್ಕೆ ಸರಿದಂತೆ ಅದೇ ಬಿಸಿ ಜಾಗ ಲಕ್ಷದ್ವೀಪ–ಚಾಗೋಸ್ ಮುಳುಗಿದ ಸಾಲನ್ನೂ ಆಮೇಲೆ ಮಾರಿಷಸ್ಸನ್ನೂ ಎಬ್ಬಿಸಿತು. ಈಗ ಅದು ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಅಲ್ಲಿನ ಪಿಟಾನ್ ದೆ ನೇಜ್ ಪರ್ವತ ಸಮುದ್ರದ ಮೇಲೆ 3,070 ಮೀಟರ್, ತಳದಿಂದ ಅಳೆದರೆ ಸುಮಾರು 7,000. ಅಂದ ಹಾಗೆ, ಅರಬ್ಬಿ ಸಮುದ್ರದ ತಳದಲ್ಲಿ ಸಿ.ವಿ. ರಾಮನ್ ಹೆಸರಿನ ರಾಮನ್ ರಿಡ್ಜ್ (ನೀರೊಳಗಿನ ಬೆಟ್ಟಸಾಲು) ಕೂಡ ಇದೆ.

ನೀರೊಳಗಿನ ಬೆಟ್ಟ ಹುಡುಕೋದು ಹೇಗೆ? ದೊಡ್ಡ ಬೆಟ್ಟ ತನ್ನ ಗುರುತ್ವದಿಂದ ಸುತ್ತಲ ನೀರನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಸಮುದ್ರ ಕೆಲವು ಮೀಟರ್ ಉಬ್ಬಿರುತ್ತದೆ. ಉಪಗ್ರಹದ ರೇಡಾರ್ ಆ ಉಬ್ಬನ್ನು ಹಿಡಿಯುತ್ತದೆ. ಸರಿಯಾದ ಎತ್ತರ ಬೇಕಾದರೆ ಹಡಗು ಹೋಗಿ ಸೋನಾರ್‌ನಿಂದಲೇ, ಅಂದರೆ ಶಬ್ದದ ಪ್ರತಿಧ್ವನಿಯಿಂದಲೇ ಅಳೆಯಬೇಕು. ಸಾಗರತಳದ ಕಾಲು ಭಾಗದಷ್ಟನ್ನು ಮಾತ್ರ ಹೀಗೆ ವಿವರವಾಗಿ ಅಳೆದಿದ್ದಾರೆ. 2005ರ ಜನವರಿಯಲ್ಲಿ ಅಮೆರಿಕದ ಜಲಾಂತರ್ಗಾಮಿ ಸ್ಯಾನ್ ಫ್ರಾನ್ಸಿಸ್ಕೊ ಪೆಸಿಫಿಕ್‌ನ ಗುವಾಮ್ ದ್ವೀಪದ ದಕ್ಷಿಣಕ್ಕೆ ಒಂದು ಸೀಮೌಂಟ್‌ಗೆ ಗುದ್ದಿತು, ಒಬ್ಬ ನಾವಿಕ ಸತ್ತ. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟವೇ ಇರಲಿಲ್ಲ. 2024ರಲ್ಲೂ ಚಿಲಿಯ ಆಚೆ ನಾಜ್ಕಾ ರಿಡ್ಜ್‌ನಲ್ಲಿ 3,109 ಮೀಟರ್ ಎತ್ತರದ ಒಂದು ಹೊಸ ಬೆಟ್ಟ ಸೋನಾರ್‌ಗೆ ಸಿಕ್ಕಿತು.