ರೋಗಿಯ ಗುಟ್ಟು ಕಾಯುವ ಕಾನೂನು ನಡೆದು ಬಂದ ದಾರಿ

1995ರಲ್ಲಿ ವೈದ್ಯರೊಬ್ಬರು ಬೇರೊಬ್ಬರ ಶಸ್ತ್ರಚಿಕಿತ್ಸೆಗೆಂದು ಚೆನ್ನೈನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಪರೀಕ್ಷೆಯಲ್ಲಿ ಎಚ್‌ಐವಿ ಪತ್ತೆಯಾಯಿತು. ಸಂಗತಿ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ನೆಂಟರಿಷ್ಟರ ನಡುವೆ ಬಾಳಲಾಗದೆ ಅವರು ಊರನ್ನೇ ಬಿಟ್ಟರು. ಗುಟ್ಟು ಬಿಟ್ಟುಕೊಟ್ಟಿತೆಂದು ಅವರು ಆಸ್ಪತ್ರೆಯ ವಿರುದ್ಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಆಸ್ಪತ್ರೆಯ ಪರ ನಿಂತಿತು: ಖಾಸಗಿತನದ ಹಕ್ಕಿಗೂ ಮಿತಿಯಿದೆ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯ ಅದಕ್ಕಿಂತ ದೊಡ್ಡದು ಎಂದಿತು. ಆಕೆಯ ಕುರಿತ ಕಾಳಜಿ ನ್ಯಾಯವಾದದ್ದೇ. ಆದರೆ ಗುಟ್ಟು ಆಕೆಯೊಬ್ಬಳಿಗಷ್ಟೇ ತಲುಪದೆ ಊರಿಗೆಲ್ಲ ಹರಡಿತ್ತಲ್ಲ, ಆ ನೋವಿಗೆ ತೀರ್ಪಿನಲ್ಲಿ ಪರಿಹಾರ ಸಿಗಲಿಲ್ಲ.

ರೋಗಿಯ ಗುಟ್ಟನ್ನು ಬಿಟ್ಟುಕೊಡಬಾರದು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳಿದವು. ಅವು ಕಟ್ಟಿಹಾಕಿದ್ದು ವೈದ್ಯರನ್ನು ಮಾತ್ರ. ಕೇಸ್ ಶೀಟ್ ಹಾದುಹೋಗುವ ಬಿಲ್ಲಿಂಗ್ ಕೌಂಟರ್, ಲ್ಯಾಬ್, ವಿಮಾ ಕಂಪನಿಯ ಮೇಜು ಇವ್ಯಾವುವೂ ಪರಿಷತ್ತಿನ ಕೈಗೆ ಸಿಗುವಂಥವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಗುರುತಿಸಿದರೂ ಅನ್ವಯವಾದದ್ದು ಕಂಪನಿ, ಸಂಸ್ಥೆಗಳಿಗೆ; ಬಡವರು ಸಾಲುಗಟ್ಟಿ ನಿಲ್ಲುವ ಸರ್ಕಾರಿ ಆಸ್ಪತ್ರೆ ಹೊರಗೇ ಉಳಿಯಿತು.

ಗಾಳಿ ಬದಲಾದದ್ದು 2017ರಲ್ಲಿ. ಎಚ್‌ಐವಿ ಸೋಂಕಿತರಿಗಾಗಿ ಒಂದು, ಮಾನಸಿಕ ಆರೋಗ್ಯಕ್ಕಾಗಿ ಇನ್ನೊಂದು ಕಾಯ್ದೆ ಬಂದವು. ಎರಡೂ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದವು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಆರೋಗ್ಯ ಮಾಹಿತಿಗೆಂದೇ ಪ್ರತ್ಯೇಕ ಮಸೂದೆಯ ಕರಡೂ ಸಿದ್ಧವಾಯಿತು. ಅದು ಕಾಯ್ದೆಯಾಗಲೇ ಇಲ್ಲ.

ಹಾಗೆ ಕೈಬಿಟ್ಟದ್ದರ ಬೆಲೆ ಏನೆಂದು ಬೆಂಗಳೂರು 2020ರ ಮಾರ್ಚ್‌ನಲ್ಲಿ ಕಂಡಿತು. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಮನೆ ಸಂಖ್ಯೆ, ರಸ್ತೆ, ಬಡಾವಣೆಯ ಸಮೇತ ಅದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಅವರಲ್ಲಿ ಹೆಚ್ಚಿನವರಿಗೆ ಸೋಂಕು ತಗಲಿದೆಯೆಂದು ಯಾರೂ ಖಚಿತಪಡಿಸಿರಲಿಲ್ಲ. ಸಾಂಕ್ರಾಮಿಕದ ಭಯ ನಿಜ, ಸರ್ಕಾರದ ಆತುರವೂ ಅರ್ಥವಾಗುವಂಥದ್ದು. ಆದರೂ ನಿಗಾ ಇಡಲು ಆರೋಗ್ಯ ಕಾರ್ಯಕರ್ತರಿಗೆ ಬೇಕಿದ್ದ ವಿಳಾಸ ಬೀದಿಯವರಿಗೆಲ್ಲ ಏಕೆ ಬೇಕಿತ್ತು?

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ, ದಿನಗಟ್ಟಲೆ ನೋಂದಣಿ, ವರದಿ ಎಲ್ಲವೂ ಕೈಬರಹಕ್ಕೆ ಮರಳಿದವು. ಮರುವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಸರ್ಕಾರಿ ಆಸ್ಪತ್ರೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಆದರೆ ಹಳೆಯ ನಿಯಮದಲ್ಲಿದ್ದ ‘ಸೂಕ್ಷ್ಮ ಮಾಹಿತಿ’ ಎಂಬ ವರ್ಗವೇ ಇಲ್ಲಿಲ್ಲ; ಕ್ಯಾನ್ಸರ್ ವರದಿಗೂ ಮೊಬೈಲ್ ಸಂಖ್ಯೆಗೂ ಒಂದೇ ತೂಕ. ಇದು ಹಿಂದಕ್ಕಿಟ್ಟ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅಷ್ಟರೊಳಗೆ ಆಸ್ಪತ್ರೆಗಳು ಯಾರ ಕಂಪ್ಯೂಟರಿನಲ್ಲಿ ಯಾವ ವರದಿ ತೆರೆದುಕೊಳ್ಳಬೇಕು ಎಂಬುದನ್ನು ತೀರ್ಮಾನಿಸಬೇಕು, ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ರೋಗಿಯ ಹೆಸರಿರುವ ಎಕ್ಸ್‌ರೇ ಹಾಕುವುದನ್ನು ನಿಲ್ಲಿಸಬೇಕು. ಜೊತೆಗೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಾಯ್ದೆ ಕೊಟ್ಟಿದೆ. ದಾಖಲಾಗುವಾಗ ಇಂಗ್ಲಿಷ್ ಫಾರಂ ಮುಂದಿಟ್ಟು ‘ಇಲ್ಲಿ ಸಹಿ ಹಾಕಿ’ ಎಂದರೆ, ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ಆ ಅವಧಿ ಮುಗಿದ ಮೇಲೆ ರೋಗಿಗಿರುತ್ತದೆ.