ಹುಡುಗನ ಮಾತು ಕೇಳಿಸಿಕೊಳ್ಳುವ ಕ್ಯಾಮೆರಾ: 'ದ ಫೋರ್ ಹಂಡ್ರೆಡ್ ಬ್ಲೋಸ್' ಅಧ್ಯಯನ ಟಿಪ್ಪಣಿ

ಹೆಸರಿನಲ್ಲೇ ಒಂದು ತೊಡಕಿದೆ. ಇಂಗ್ಲಿಷ್ ಶೀರ್ಷಿಕೆ ನೋಡಿ, ಇದು ನಾನೂರು ಏಟು ತಿಂದ ಹುಡುಗನ ಕಥೆ ಎಂದುಕೊಳ್ಳುವುದು ಸುಲಭ. ಮೂಲ ಫ್ರೆಂಚಿನಲ್ಲಿ ಅದೊಂದು ನುಡಿಗಟ್ಟು, ಹದ್ದುಮೀರಿ ಪುಂಡಾಟ ಮಾಡುವುದು ಎಂದರ್ಥ. ಅಂದರೆ ಅದು ದೊಡ್ಡವರು ಹುಡುಗನಿಗೆ ಹಚ್ಚುವ ಹಣೆಪಟ್ಟಿ. ಅವನು ನಿಜಕ್ಕೂ ಪುಂಡನೇ ಎಂಬ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ.

ಫ್ರಾನ್ಸ್ವಾ ತ್ರುಫೋ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ ಇದು. 1959ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆಯಿತು. ಛಾಯಾಗ್ರಹಣ ಆನ್ರಿ ದಕೇ ಅವರದು. ಕಥೆಯ ಹುಡುಗ ಆಂತ್ವಾನ್ ದ್ವಾನೆಲ್‌ನ ಪಾತ್ರಧಾರಿ ಜಾನ್-ಪಿಯೆರ್ ಲಿಯೋ ಆಗಿನ್ನೂ ಹದಿಹರೆಯದ ಹುಡುಗ.

ಮನೆಯ ದೃಶ್ಯಗಳಲ್ಲಿ ಜಾಗವನ್ನು ಗಮನಿಸಿ. ಪ್ಯಾರಿಸ್ಸಿನ ಇಕ್ಕಟ್ಟಾದ ಮನೆ. ಆಂತ್ವಾನ್‌ಗೆ ಸ್ವಂತ ಕೋಣೆಯಿಲ್ಲ, ಬಾಗಿಲ ಬಳಿಯ ಓಣಿಯಂಥ ಜಾಗದಲ್ಲಿ ಮಲಗುತ್ತಾನೆ. ತಾಯಿ ಮತ್ತು ಮಲತಂದೆ ಅವನ ಬಗ್ಗೆಯೇ ಜಗಳವಾಡುವುದು ಅಲ್ಲಿಗೆ ಕೇಳಿಸುತ್ತದೆ. ಕಸದ ಡಬ್ಬ ಕೆಳಗಿಳಿಸುವುದು ಅವನ ಕೆಲಸ. ಅಗಲ ಪರದೆಯ ಚಿತ್ರವಾದರೂ ಮನೆಯೊಳಗೆ ಆ ಅಗಲ ಅವನಿಗೆ ದಕ್ಕುವುದಿಲ್ಲ. ಅದೇ ಅಗಲ ಬೀದಿಯಲ್ಲಿ ಅವನದಾಗುತ್ತದೆ. 'ಬಡತನವನ್ನು ಪರಿಣಾಮಕಾರಿಯಾಗಿ ಚಿತ್ರಿಸಲಾಗಿದೆ' ಎಂದು ಬರೆಯುವ ಬದಲು ಇದನ್ನು ಬರೆಯಿರಿ. ಇಲ್ಲಿ ಹೊಟ್ಟೆಗಿಲ್ಲದ ಬಡತನವೂ ಅಲ್ಲ; ಬೇಡದ ಮಗುವಾಗಿ ಬೆಳೆಯುವ ಕಷ್ಟ.

ಟೈಪ್‌ರೈಟರ್ ಪ್ರಸಂಗದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಮಲತಂದೆಯ ಆಫೀಸಿನಿಂದ ಅದನ್ನು ಕದ್ದಿದ್ದು ನಿಜ, ಆದರೆ ಅವನು ಸಿಕ್ಕಿಬೀಳುವುದು ಕದಿಯುವಾಗಲ್ಲ, ಮಾರಲಾಗದೆ ವಾಪಸ್ ಇಡಲು ಹೋದಾಗ. ಅಲ್ಲಿಂದ ಮಲತಂದೆಯೇ ಅವನನ್ನು ಪೊಲೀಸ್ ಠಾಣೆಗೆ ಕರೆದೊಯ್ಯುತ್ತಾನೆ. ಈ ಒಂದು ವಿವರ ಬಿಟ್ಟರೆ ಚಿತ್ರದ ನ್ಯಾಯ ಅನ್ಯಾಯದ ಲೆಕ್ಕವೇ ತಲೆಕೆಳಗಾಗುತ್ತದೆ.

ಠಾಣೆಯ ನಂತರ ಅವನು ಬಾಲಾಪರಾಧಿಗಳ ಕೇಂದ್ರ ಸೇರುತ್ತಾನೆ. ಚಿತ್ರದ ಜೀವ ಇರುವುದು ಅಲ್ಲಿ ಮನಶ್ಶಾಸ್ತ್ರಜ್ಞೆ ಅವನನ್ನು ಪ್ರಶ್ನಿಸುವ ದೃಶ್ಯದಲ್ಲಿ. ಪ್ರಶ್ನೆ ಕೇಳುವವಳು ಒಮ್ಮೆಯೂ ಕಾಣುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ಮೇಜಿನ ಆಚೆ ಆಂತ್ವಾನ್ ಒಬ್ಬನೇ. ಸಾಮಾನ್ಯವಾಗಿ ಇಬ್ಬರ ಮಾತುಕತೆಯಲ್ಲಿ ಕ್ಯಾಮೆರಾ ಒಮ್ಮೆ ಇವರತ್ತ, ಒಮ್ಮೆ ಅವರತ್ತ ತಿರುಗುತ್ತದೆ. ಇಲ್ಲಿ ಆಕೆಯತ್ತ ತಿರುಗುವುದೇ ಇಲ್ಲ. ಉತ್ತರದಿಂದ ಉತ್ತರಕ್ಕೆ ಚಿತ್ರ ಮೆಲ್ಲಗೆ ಕರಗಿ ಮುಂದಿನದಕ್ಕೆ ಸೇರುತ್ತದೆ. ಲಿಯೋ ಬಾಯಿಪಾಠದ ಸಂಭಾಷಣೆ ಒಪ್ಪಿಸುತ್ತಿಲ್ಲ, ಸ್ವಂತ ಮಾತಿನಲ್ಲಿ ಉತ್ತರಿಸುತ್ತಿದ್ದಾನೆ. ಆ ತಡವರಿಕೆ, ಮೇಜಿನ ಮೇಲೆ ಸುಮ್ಮನಿರದ ಆ ಬೆರಳು, ನಡುವೆ ಮಿಂಚಿ ಮಾಯವಾಗುವ ನಗು, ಎಲ್ಲ ಅದರಿಂದಲೇ ಬಂದದ್ದು. ನಿಜ ಹೇಳಿದರೂ ನಂಬುವುದಿಲ್ಲ, ಅದಕ್ಕೇ ಸುಳ್ಳು ಹೇಳುತ್ತೇನೆ ಎನ್ನುತ್ತಾನೆ. ದೊಡ್ಡವರ ಮುಖ ಚೌಕಟ್ಟಿನಿಂದ ಹೊರಗುಳಿದಾಗಲೇ ಹುಡುಗನಿಗೆ ಪೂರ್ತಿ ಮಾತಾಡಲು ಜಾಗ ಸಿಗುತ್ತದೆ. ದೃಶ್ಯವನ್ನು ಎರಡು ಸಲ ನೋಡಿ: ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ ಕೈ ಮಾತ್ರ, ಇನ್ನೊಮ್ಮೆ ಮಾತಿನ ಸಮೇತ.

ಕೊನೆಯ ಓಟಕ್ಕೆ ಬೇರೆ ತಯಾರಿ ಬೇಕು. ಬಾಲಾಪರಾಧಿಗಳ ಕೇಂದ್ರದಲ್ಲಿ ಫುಟ್ಬಾಲ್ ಆಡುತ್ತಿರುವಾಗ ಅವನು ತಪ್ಪಿಸಿಕೊಳ್ಳುತ್ತಾನೆ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು, ಕತ್ತರಿಸದ ಒಂದೇ ಶಾಟ್‌ನಲ್ಲಿ ಕ್ಯಾಮೆರಾ ಅವನ ಪಕ್ಕದಲ್ಲೇ ಸಾಗುತ್ತದೆ. ಹೆಜ್ಜೆ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಸಮುದ್ರ ನೋಡಿಲ್ಲ ಎಂದು ಮೊದಲೇ ಹೇಳಿದ್ದಾನೆ. ಕೇಂದ್ರ ಸಮುದ್ರದ ಹತ್ತಿರ ಇದ್ದರೆ ಒಳ್ಳೆಯದು ಎಂದು ನ್ಯಾಯಾಧೀಶರ ಎದುರು ತಾಯಿ ಕೇಳಿದ್ದನ್ನೂ ನೆನಪಿಡಿ. ನೀರಿಗೆ ಕಾಲಿಟ್ಟವನು ತಿರುಗಿ ನಮ್ಮತ್ತ ನೋಡುತ್ತಾನೆ, ಚಿತ್ರ ನಿಶ್ಚಲವಾಗುತ್ತದೆ, ಮುಖ ಹತ್ತಿರ ಬರುತ್ತದೆ. ಇದನ್ನು 'ಭರವಸೆಯ ಅಂತ್ಯ' ಎಂದು ಮುಗಿಸಬೇಡಿ. ಓಡಲು ಮುಂದೆ ನೆಲವೇ ಉಳಿದಿಲ್ಲ.

ಹೋಲಿಕೆಗೆ ಮೀರಾ ನಾಯರ್ ಅವರ 'ಸಲಾಂ ಬಾಂಬೆ' (1988) ಒಳ್ಳೆಯ ಆಯ್ಕೆ. ಅದು ಮುಂಬೈಯ ಬೀದಿಮಕ್ಕಳ ಕಥೆ. ಮುಖ್ಯ ಪಾತ್ರ ಕೃಷ್ಣನಾಗಿ ನಟಿಸಿದ ಶಫೀಕ್ ಸಯ್ಯದ್ ಬೆಂಗಳೂರಿನವರು. ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಕೃಷ್ಣನಿಗೆ ಮನೆಗೆ ಮರಳಲು 500 ರೂಪಾಯಿ ಬೇಕು, ಚಹಾ ಹಂಚಿ ಕೂಡಿಸುತ್ತಾನೆ. ಆಂತ್ವಾನ್ ಮನೆಯಿಂದ ಓಡುತ್ತಾನೆ, ಕೃಷ್ಣ ಮನೆಯತ್ತ ದುಡಿಯುತ್ತಾನೆ. ಗಣೇಶನ ಮೆರವಣಿಗೆಯ ಜನಜಂಗುಳಿಯಲ್ಲಿ ಜೊತೆಗಿದ್ದವಳಿಂದ ಕೈತಪ್ಪಿದ ಮೇಲೆ ಕೃಷ್ಣ ಬುಗುರಿ ಹಿಡಿದು ಒಬ್ಬನೇ ಕೂರುವ ಕೊನೆಯ ದೃಶ್ಯವನ್ನೂ ಸಮುದ್ರದಂಚಿನ ಆ ಮುಖವನ್ನೂ ಒಂದರ ಹಿಂದೊಂದು ನೋಡಿ, ಸುತ್ತಲಿನ ಸದ್ದೇನು ಎಂಬುದನ್ನು ಎರಡಕ್ಕೂ ಬರೆದಿಟ್ಟುಕೊಳ್ಳಿ.