@ಬಿಫೋರ್‌ಈಚ್ ಹಾಕಿದ್ದರೂ ಸೆಟಪ್ ಏಕೆ ಓಡುವುದಿಲ್ಲ?

ಪ್ರಶ್ನೆ: ಹಳೆಯ ಜಾವಾ ಪ್ರಾಜೆಕ್ಟನ್ನು ಟೆಸ್ಟ್ ಬರೆಯುವ ಲೈಬ್ರರಿಯಾದ ಜೆಯುನಿಟ್‌ನ 4ನೇ ಆವೃತ್ತಿಯಿಂದ 5ಕ್ಕೆ ತರುತ್ತಿದ್ದೇನೆ. ಪ್ರತಿ ಟೆಸ್ಟ್‌ಗೂ ಮುಂಚೆ ಓಡಬೇಕಾದ ಸೆಟಪ್ ಮೆಥಡ್ ಮೇಲೆ @ಬಿಫೋರ್‌ಈಚ್ ಹಾಕಿದ್ದೇನೆ, ಕಂಪೈಲ್ ಕೂಡ ಆಗುತ್ತದೆ. ಓಡಿಸಿದರೆ ಮಾತ್ರ ನಲ್ ಪಾಯಿಂಟರ್ ಎಕ್ಸೆಪ್ಶನ್. ಸೆಟಪ್ ಒಳಗೆ ಬ್ರೇಕ್‌ಪಾಯಿಂಟ್ ಇಟ್ಟರೆ ಅಲ್ಲಿ ನಿಲ್ಲುವುದೇ ಇಲ್ಲ. ಏನು ತಪ್ಪು?

ಉತ್ತರ: ಫೈಲಿನ ತಲೆಯಲ್ಲಿರುವ ಇಂಪೋರ್ಟ್ ಸಾಲುಗಳನ್ನು ನೋಡಿ. ಬಹುಮಟ್ಟಿಗೆ @ಬಿಫೋರ್‌ಈಚ್ ಬಂದಿರುವುದು ಆರ್ಗ್.ಜೆಯುನಿಟ್.ಜುಪಿಟರ್.ಎಪಿಐ ಪ್ಯಾಕೇಜಿನಿಂದ, ಅಂದರೆ 5ರಿಂದ. @ಟೆಸ್ಟ್ ಮಾತ್ರ ಇನ್ನೂ ಬರೀ ಆರ್ಗ್.ಜೆಯುನಿಟ್‌ನಿಂದ, ಅಂದರೆ 4ರಿಂದ. ಎರಡು ಆವೃತ್ತಿಗಳಲ್ಲೂ ಅದರ ಹೆಸರು @ಟೆಸ್ಟ್ ಎಂದೇ ಇರುವುದರಿಂದ ಕೋಡ್ ಓದುವಾಗ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಅನೊಟೇಶನ್ ಎಂದರೆ ಮೆಥಡ್‌ಗೆ ಅಂಟಿಸಿದ ಚೀಟಿ, ಅಷ್ಟೆ. ತಾನಾಗಿ ಅದು ಏನನ್ನೂ ಮಾಡದು. ಓಡುವ ಹೊತ್ತಿನಲ್ಲಿ ರಿಫ್ಲೆಕ್ಷನ್ (ಓಡುತ್ತಿರುವ ಪ್ರೋಗ್ರಾಮ್ ತನ್ನದೇ ಕ್ಲಾಸ್, ಮೆಥಡ್‌ಗಳನ್ನು ಪರಿಶೀಲಿಸುವ ಸೌಲಭ್ಯ) ಮೂಲಕ ಅದನ್ನು ಓದುವುದು ಟೆಸ್ಟ್ ಇಂಜಿನ್. ಜೆಯುನಿಟ್ 5ರೊಂದಿಗೆ ಇಂಥ ಎರಡು ಮುಖ್ಯ ಇಂಜಿನ್‌ಗಳು ಬರುತ್ತವೆ: ಹೊಸ ಟೆಸ್ಟ್‌ಗಳಿಗೆ ಜುಪಿಟರ್, 3 ಮತ್ತು 4ರ ಟೆಸ್ಟ್‌ಗಳಿಗೆ ವಿಂಟೇಜ್. ಒಂದರ ಚೀಟಿಯನ್ನು ಇನ್ನೊಂದು ಓದುವುದಿಲ್ಲ. ನಿಮ್ಮ ಹಳೆಯ @ಟೆಸ್ಟ್ ಕಂಡು ವಿಂಟೇಜ್ ಮೆಥಡ್ ಓಡಿಸಿತು. @ಬಿಫೋರ್‌ಈಚ್ ಅದಕ್ಕೆ ಗೊತ್ತೇ ಇಲ್ಲ, ದಾಟಿ ಹೋಯಿತು. ಫೀಲ್ಡ್ ನಲ್ ಆಗಿಯೇ ಉಳಿಯಿತು.

ಎಕ್ಸೆಪ್ಶನ್ ಬಂದದ್ದು ನಿಮ್ಮ ಅದೃಷ್ಟ. ವಿಂಟೇಜ್ ಇಲ್ಲದ ಪ್ರಾಜೆಕ್ಟಿನಲ್ಲಿ, ಬೇರೆ ಯಾವುದೋ ಲೈಬ್ರರಿ 4ರ ಜಾರ್ (ಲೈಬ್ರರಿಯ ಫೈಲ್) ಎಳೆದು ತಂದಿದ್ದರೆ, ಹಳೆಯ @ಟೆಸ್ಟ್ ಇರುವ ಮೆಥಡ್ ಸದ್ದಿಲ್ಲದೆ ಓಡದೇ ಉಳಿದು, ಬಿಲ್ಡ್ ಹಸಿರಾಗಿಯೇ ಕಾಣಬಹುದು. ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್, ಟೆಸ್ಟ್ ಲೈಬ್ರರಿಗಳ ಸಿದ್ಧ ಕಟ್ಟಾದ ತನ್ನ ಟೆಸ್ಟ್ ಸ್ಟಾರ್ಟರ್‌ನಿಂದ ವಿಂಟೇಜನ್ನು 2.4ರಲ್ಲೇ ತೆಗೆದಿದೆ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮುಂಚೆ ಒಟ್ಟು ಎಷ್ಟು ಟೆಸ್ಟ್ ಓಡಿದವೆಂದು ಬರೆದಿಟ್ಟುಕೊಂಡು, ಆಮೇಲೆ ತಾಳೆ ನೋಡಿ.

ಈಗ ಒಂದು ಫೈಲಿನ ಎಲ್ಲ ಅನೊಟೇಶನ್‌ಗಳನ್ನೂ ಒಟ್ಟಿಗೇ ಬದಲಿಸಿ. @ಬಿಫೋರ್ ಇದ್ದಲ್ಲಿ @ಬಿಫೋರ್‌ಈಚ್, @ಬಿಫೋರ್‌ಕ್ಲಾಸ್ ಇದ್ದಲ್ಲಿ @ಬಿಫೋರ್‌ಆಲ್. @ಆಫ್ಟರ್ ಜೋಡಿಗೂ ಇದೇ ಲೆಕ್ಕ. @ಇಗ್ನೋರ್ ಈಗ @ಡಿಸೇಬಲ್ಡ್, @ಕೆಟಗರಿ ಈಗ @ಟ್ಯಾಗ್. @ಬಿಫೋರ್‌ಆಲ್ ಮೆಥಡ್ ಸ್ಟಾಟಿಕ್ ಆಗಿರಬೇಕು, ಏಕೆಂದರೆ ಪ್ರತಿ ಟೆಸ್ಟ್ ಮೆಥಡ್‌ಗೂ ಕ್ಲಾಸಿನ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಸ್ಟಾಟಿಕ್ ಬೇಡವೆಂದರೆ ಕ್ಲಾಸಿಗೆ @ಟೆಸ್ಟ್‌ಇನ್‌ಸ್ಟೆನ್ಸ್ ಕೊಟ್ಟು ಲೈಫ್‌ಸೈಕಲ್ಲನ್ನು ಪರ್ ಕ್ಲಾಸ್ ಮಾಡಿ. ಆಗ ಒಂದು ಟೆಸ್ಟ್ ಬದಲಿಸಿದ ಫೀಲ್ಡ್ ಮುಂದಿನದಕ್ಕೂ ಹಾಗೆಯೇ ಹೋಗುತ್ತದೆ, ನೆನಪಿರಲಿ.

ಬಹಳ ಮಂದಿ ಎಡವುವುದು ಟೈಮ್‌ಔಟ್‌ನಲ್ಲಿ. 4ರಲ್ಲಿ @ಟೆಸ್ಟ್ ಒಳಗೆ ಬರೆಯುತ್ತಿದ್ದ ಟೈಮ್‌ಔಟ್ 500 ಎಂದರೆ 500 ಮಿಲಿಸೆಕೆಂಡ್. 5ರ @ಟೈಮ್‌ಔಟ್‌ಗೆ ಅದೇ 500 ಕೊಟ್ಟರೆ ಸೆಕೆಂಡ್ ಎಂದು ಲೆಕ್ಕ: 8 ನಿಮಿಷ 20 ಸೆಕೆಂಡ್! ಜೊತೆಗೆ ಯೂನಿಟ್ ಅನ್ನೂ ಮಿಲಿಸೆಕೆಂಡ್ಸ್ ಎಂದು ಬರೆಯಲೇಬೇಕು.

ತಪ್ಪು ಇಂಪೋರ್ಟ್ ಮತ್ತೆ ನುಸುಳದಂತೆ ಬಿಲ್ಡ್ ಸಾಧನವಾದ ಮಾವೆನ್‌ನ ಡಿಪೆಂಡೆನ್ಸಿ ಟ್ರೀ (ಯಾವ ಲೈಬ್ರರಿ ಯಾವುದನ್ನು ತರುತ್ತದೆ ಎಂಬ ಪಟ್ಟಿ) ತೆರೆದು, 4ರ ಜಾರ್ ಯಾರ ಬೆನ್ನೇರಿ ಬರುತ್ತಿದೆ ನೋಡಿ ಎಕ್ಸ್‌ಕ್ಲೂಡ್ ಮಾಡಿ. ಆಮೇಲೆ ಹಳೆಯ @ಟೆಸ್ಟ್ ಕಂಪೈಲೇ ಆಗದು. ಟೆಸ್ಟ್‌ಕಂಟೇನರ್ಸ್ ಎಂಬ ಟೆಸ್ಟ್ ಲೈಬ್ರರಿಯ 1ರ ಸರಣಿ ಬಳಸುವವರಿಗೆ ಈ ದಾರಿ ಇಲ್ಲ, ಅದಕ್ಕೆ ಆ ಜಾರ್ ಬೇಕೇ ಬೇಕು. ಅಂಥವರು ಇಂಟೆಲ್ಲಿಜೆ ಎಡಿಟರಿನ ಸೆಟ್ಟಿಂಗ್ಸ್‌ನ ಆಟೊ ಇಂಪೋರ್ಟ್ ಪುಟದಲ್ಲಿ ಆರ್ಗ್.ಜೆಯುನಿಟ್.ಟೆಸ್ಟ್ ಅನ್ನು ಎಕ್ಸ್‌ಕ್ಲೂಡ್ ಪಟ್ಟಿಗೆ ಸೇರಿಸಿದರೆ ಎಡಿಟರ್ ಅದನ್ನು ಸೂಚಿಸುವುದು ನಿಲ್ಲುತ್ತದೆ.